ಅಜ್ಜಿ ಕೀಲಿ ಕೊಟ್ಟಿದ್ದು ನನಗೆ

ಫರೀದಾಬಾದಿನ ಮನೆಯೊಂದರಲ್ಲಿ ಹಳೆಯ ಇಂಗ್ಲಿಷ್ ಕಾರು ಕೊಳ್ಳಲು ಹೋದಾಗ ಕೀಲಿಗಾಗಿ ನನ್ನ ಗಂಡ ಕೈಚಾಚಿದರು. ಕಾರಿನ ಒಡತಿ, ಎಂಬತ್ತು ದಾಟಿದ ಪಂಜಾಬಿ ಅಜ್ಜಿ, ಅದನ್ನು ನನ್ನ ಕೈಯಲ್ಲಿಟ್ಟರು.

"ಇದನ್ನು ಓಡಿಸುತ್ತಿದ್ದದ್ದು ನಾನು, ಬೇಟಿ. ನಮ್ಮವರು ಪಕ್ಕದಲ್ಲಿ ಕೂರುತ್ತಿದ್ದರು. ಚಲೋ, ನೀನು ಓಡಿಸಿದರೆ ಮಾತ್ರ ಮಾರುತ್ತೇನೆ."

ಲೈಸೆನ್ಸ್ ಇದ್ದರೂ ಟ್ರಾಫಿಕ್ಕಿಗೆ ಹೆದರಿ ಸ್ಟೀರಿಂಗ್ ಮುಟ್ಟದ ನಾನು ನಿಧಾನವಾಗಿ ಕಾರನ್ನು ರಸ್ತೆಗಿಳಿಸಿದೆ. ಪಕ್ಕದಲ್ಲಿ ಕುಳಿತ ಅಜ್ಜಿ ಡ್ಯಾಶ್‌ಬೋರ್ಡಿನ ಮರ ಸವರುತ್ತಾ, ಕಂಪನಿಯ ಬಡಗಿಗಳು ಅದನ್ನು ಕೈಯಿಂದಲೇ ಉಜ್ಜಿ ಹೊಳಪು ಕೊಡುತ್ತಿದ್ದ ಕಥೆ ಹೇಳಿದರು. ಕೇಳುತ್ತಾ ಹೆದರಿಕೆಯೇ ಮರೆತು, ಮಾರುಕಟ್ಟೆ ಸುತ್ತಿ ಅಜ್ಜಿಯ ಮನೆಗೆ ಮರಳಿದೆ. ಹಿಂದೆ ಕುಳಿತಿದ್ದ ಗಂಡ ಚಪ್ಪಾಳೆ ತಟ್ಟಿದರು. "ಅಚ್ಛಾ, ಇನ್ನು ಕಾರು ನಿನ್ನದು" ಎಂದು ಅಜ್ಜಿ ನನ್ನ ಕೆನ್ನೆ ಹಿಂಡಿದರು.

ಆ ಕಾರನ್ನು ಭಾನುವಾರ ಮಾತ್ರ ಹೊರತೆಗೆಯುತ್ತೇವೆ. ಉಳಿದ ದಿನ, ದೆಹಲಿ ಪಕ್ಕದಲ್ಲಿ ನಾವಿರುವ ಇಂದಿರಾಪುರಂನಿಂದ ಆಫೀಸಿಗೆ ನಮ್ಮ ಪುಟ್ಟ ಕಾರನ್ನು ನಾನೇ ಓಡಿಸಿಕೊಂಡು ಹೋಗುತ್ತೇನೆ.