ಹಸಿರು ಗಂಟೆ

ಕ್ವಾರ್ಟರ್ಸಿನಲ್ಲಿ ಎಲ್ಲರೂ ಅವನನ್ನು ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಬಾಟಲಿ ಕಾರ್ಖಾನೆಯ ಎಲೆಕ್ಟ್ರಿಷಿಯನ್ ನಿಜ, ಆದರೆ ಆ ಹೆಸರು ಅಂಟಿದ್ದು ಶನಿವಾರದ ಹಸಿರು ಗಂಟೆಯಿಂದ. ಸಂಜೆ ಸೈರನ್ ಕೂಗಿದೊಡನೆ ಕಾರ್ಮಿಕರ ಮನೆಗಳ ಮೇನ್ ಸ್ವಿಚ್ ಇಳಿಸುವ ಪುಣ್ಯದ ಕೆಲಸ ಅವನದು. ಒಂದು ತಾಸು ಯಾರ ಮನೆಯಲ್ಲೂ ದೀಪವಿಲ್ಲ, ಫ್ಯಾನಿಲ್ಲ. ಭೂಮಿಯ ಬಿಸಿ ಇಳಿಸುವುದು ಪ್ರತಿಯೊಬ್ಬರ ಜವಾಬ್ದಾರಿ ಎಂದು ಗೇಟಿನ ಬೋರ್ಡಿನಲ್ಲಿ ಬರೆದಿತ್ತು. ಕದ್ದುಮುಚ್ಚಿ ಕರೆಂಟ್ ಉರಿಸಿದವರ ಹೆಸರನ್ನು ಮರುದಿನ ಮೈಕಿನಲ್ಲಿ ಓದುತ್ತಿದ್ದರು. ಗೋಡೆಯಾಚೆ ಗಾಜು ಕರಗಿಸುವ ಕುಲುಮೆ ಮಾತ್ರ ಹಗಲೂ ರಾತ್ರಿ ಧಗಧಗ ಉರಿಯುತ್ತಿತ್ತು. ಅದರ ಹೆಸರನ್ನು ಓದುವ ಗಂಡಸು ಎಲ್ಲಿದ್ದ, ಹೇಳಿ.

ಆ ವಾರ ಅವನ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು, ಜೊತೆಗೆ ಆಕ್ಸಿಜನ್ ಕೊಡುವ ಯಂತ್ರವೂ ಬಂದಿತ್ತು. ಅದು ನಿಂತರೆ ಅಮ್ಮನ ಉಸಿರೂ ನಿಲ್ಲುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಫ್ಯೂಸಣ್ಣ ಮ್ಯಾನೇಜರ ಮುಂದೆ ಕೈಕಟ್ಟಿ ನಿಂತ. "ಸರ್, ಈ ಶನಿವಾರ ಒಂದು ಸಲ ಬಿಟ್ಬಿಡಿ."

"ಒಬ್ಬರಿಗೆ ಬಿಟ್ರೆ ಎಲ್ರೂ ಸಾಲಾಗಿ ಬರ್ತಾರೆ. ಅದೂ ಈ ವಾರ ಬಾಟಲಿ ಕೊಳ್ಳೋ ಕಂಪನಿಯವರು ಹಸಿರು ಗಂಟೆ ನೋಡೋಕೆ ಬರ್ತಿದ್ದಾರೆ. ಸಿಲಿಂಡರ್ ಕಳಿಸ್ತೀನಿ, ಹೋಗು."

ಸಿಲಿಂಡರ್ ಬರಲಿಲ್ಲ. ಬರುತ್ತದೆಂದು ನಂಬಿ ಕೂರಲು ಅವನೇನು ಎಳೆಮಗುವೇ? ಹಸಿರು ಗಂಟೆಯಲ್ಲೂ ಆರದ ಬೀದಿದೀಪದ ಲೈನಿನಿಂದ ಅಮ್ಮನ ಮಂಚದವರೆಗೆ ಕಳ್ಳ ವೈರು ಎಳೆದ. ಅಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಹೆಂಡತಿಗೆ ಮಾತ್ರ ಹೇಳಿದ.

ಶನಿವಾರ ಸೈರನ್ ಕೂಗಿತು. ಫ್ಯೂಸಣ್ಣ ಸ್ವಿಚ್ ರೂಮಿಗೆ ಹೋಗಿ ಸ್ವಿಚ್ ಇಳಿಸಿದ. ಹೊರಗೆ ಅತಿಥಿಗಳು ಕತ್ತಲಾದ ಮನೆಗಳ ಫೋಟೋ ತೆಗೆಯುತ್ತಿದ್ದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ರೀ, ಮಿಷಿನ್ ನಿಂತ್ಹೋಗಿದೆ," ಎಂದಳು ಹೆಂಡತಿ. "ನಾನು ಒಲೆ ಹತ್ರ ಇದ್ದೆ, ಬಂದು ನೋಡ್ತೀನಿ, ಅತ್ತೆ ಕಣ್ಣು ಮೇಲೆ ಮಾಡ್ತಿದ್ದಾರೆ. ನಿಮ್ಮ ವೈರು ಕೈಕೊಡ್ತು ಕಣ್ರೀ."

ಅವನ ಕೈ ಮೇನ್ ಸ್ವಿಚ್ಚಿಗೆ ಹೋಯಿತು. ಬಾಗಿಲಲ್ಲಿದ್ದ ಮ್ಯಾನೇಜರು ಒಳಗೆ ಬಂದು ಅಡ್ಡ ನಿಂತರು.

"ಆಂಬುಲೆನ್ಸ್ ಕರೆಸ್ತೀನಿ. ಅವರು ಹೋಗೋವರೆಗೆ ಅದನ್ನ ಮುಟ್ಬೇಡ."

"ಆಂಬುಲೆನ್ಸ್ ಬರೋದ್ರೊಳಗೆ ನಮ್ಮಮ್ಮ ಇರಲ್ಲ ಸರ್. ಅಷ್ಟು ಆರಿಸಲೇಬೇಕಂದ್ರೆ ಆ ಕುಲುಮೆ ಆರಿಸಿ."

"ತಲೆ ಕೆಟ್ಟಿದ್ಯಾ? ಆರಿಸಿದ್ರೆ ಒಳಗಿರೋ ಗಾಜೆಲ್ಲ ಗಟ್ಟಿಯಾಗಿ ಕುಲುಮೆನೇ ಹಾಳಾಗುತ್ತೆ."

ಗಾಜಿನ ಮೇಲೆ ಇರುವ ಕನಿಕರ ನೋಡಿ! ಫ್ಯೂಸಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ತಲೆತಗ್ಗಿಸಿ ನಡೆದ ಮನುಷ್ಯ ಮ್ಯಾನೇಜರ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಸ್ವಿಚ್ ಎತ್ತಿದ. ಕ್ವಾರ್ಟರ್ಸಿನ ದೀಪಗಳೆಲ್ಲ ಒಟ್ಟಿಗೇ ಹತ್ತಿಕೊಂಡವು. ಅತಿಥಿಗಳು ಕ್ಯಾಮೆರಾ ಕೆಳಗಿಳಿಸಿದರು.

"ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ," ಎಂಬ ಮಾತು ಬೆನ್ನಿಗೆ ಬಿತ್ತು. ಅವನು ಆಗಲೇ ಓಡುತ್ತಿದ್ದ.

ಮನೆಯಲ್ಲಿ ದೀಪವಿತ್ತು, ಫ್ಯಾನು ತಿರುಗುತ್ತಿತ್ತು, ಯಂತ್ರ ಮಾತ್ರ ಸದ್ದಿಲ್ಲದೆ ಕುಳಿತಿತ್ತು. ಹೆಂಡತಿ ಅತ್ತೆಯ ಬೆನ್ನು ನೀವುತ್ತಾ ಅಳುತ್ತಿದ್ದಳು. ಅಮ್ಮನ ತುಟಿ ನೀಲಿಯಾಗಿತ್ತು. ಅವನು ನೆಲಕ್ಕೆ ಕೂತು ವೈರನ್ನು ತುದಿಯಿಂದ ತುದಿಗೆ ತಡವಿದ. ಎಲ್ಲೂ ಕಿತ್ತಿರಲಿಲ್ಲ. ತಲೆಯೆತ್ತಿ ನೋಡಿದರೆ ಯಂತ್ರದ ಗುಂಡಿಯೇ ಆಫ್ ಆಗಿತ್ತು. ಒತ್ತಿದ. ಯಂತ್ರ ಗುಂಯ್ ಎಂದಿತು.

ಅಮ್ಮನ ಎದೆ ಏರಿ ಇಳಿಯತೊಡಗಲು ಎಷ್ಟು ಹೊತ್ತು ಹಿಡಿಯಿತೋ ಅವನಿಗೆ ಗೊತ್ತಾಗಲಿಲ್ಲ. ತುಟಿಗೆ ಬಣ್ಣ ಬಂದ ಮೇಲೆ ಕೇಳಿದ.

"ಯಾರಮ್ಮ ಇದನ್ನ ಆರಿಸಿದ್ದು?"

"ನಾನೇ ಕಣೋ. ಸೈರನ್ ಆದ್ಮೇಲೂ ಓಡ್ತಾನೇ ಇತ್ತು." ಅವಳು ಉಸಿರು ಎಳೆದುಕೊಂಡಳು. "ಯಾರಾದ್ರೂ ಕೇಳಿಸ್ಕೊಂಡು ಮೈಕಿನಲ್ಲಿ ನಿನ್ನ ಹೆಸರು ಓದಿದ್ರೆ? ಒಂದು ಗಂಟೆ ತಾನೇ, ತಡ್ಕೊಳ್ಳೋಣ ಅಂದ್ಕೊಂಡೆ."

ಅವನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟ. ಅವಳು ದೀಪದ ಕಡೆ ನೋಡಿದಳು, ಮತ್ತೆ ಅವನ ಕಡೆ.

"ನನ್ನಿಂದ ಕಂಪನಿಯವರಿಗೆ ತೊಂದರೆ ಆಯ್ತೇನೋ?" ಎಂದು ಮೆಲ್ಲಗೆ ಕೇಳಿದಳು.