ಐದು ಲೋಟಗಳ ಠರಾವು

ಕಾಫಿಯ ಮೇಲೆ ಕೆನೆ ಕಟ್ಟುವುದನ್ನು ನೀವು ಎಂದಾದರೂ ಕುಳಿತು ನೋಡಿದ್ದೀರಾ? ಮೈಸೂರಿನವರಾದರೆ ಖಂಡಿತ ನೋಡಿರಲಾರಿರಿ. ಲೋಟ ಕೈಗೆ ಬಂದ ಮೇಲೆ ಅಷ್ಟು ಹೊತ್ತು ಸುಮ್ಮನೆ ಬಿಡುವ ಜನ ನಾವಲ್ಲ. ಕಳೆದ ಭಾನುವಾರ ಬೆಳಿಗ್ಗೆ ನಾನು ಮಾತ್ರ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಮೊದಲು ಅಂಚಿನಲ್ಲಿ ಸಣ್ಣದೊಂದು ಸುಕ್ಕು, ಆಮೇಲೆ ತೆಳ್ಳಗಿನ ಪೊರೆ, ಕೊನೆಗೆ ಬೆರಳಿಟ್ಟರೆ ಅಂಟಿಕೊಂಡು ಬರುವ ಕಂದು ಕೆನೆ. ಎದುರಿಗೆ ಕುಳಿತಿದ್ದ ನಂಜುಂಡ ತನ್ನ ಲೋಟವನ್ನು ಆಗಲೇ ಮುಗಿಸಿ ಕೆಳಗಿಟ್ಟಿದ್ದ. ಮಗಳ ಮದುವೆಗೆ ಕರೆಯಲು ಬೆಂಗಳೂರಿನಿಂದ ಬಂದಿದ್ದ. ಅರಿಶಿನ ಹಚ್ಚಿದ ಲಗ್ನಪತ್ರಿಕೆ ಮೇಜಿನ ಮೇಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿ, "ಯಾಕ್ರೀ, ಕಾಫಿ ಚೆನ್ನಾಗಿಲ್ವೇ?" ಎಂದು ಕೇಳಿದಳು. ಚೆನ್ನಾಗಿಯೇ ಇದ್ದಿರಬೇಕು. ನಂಜುಂಡನ ಎದುರು ಕುಳಿತು ಕಾಫಿ ಕುಡಿಯಲು ನನಗೆ ಧೈರ್ಯ ಬರಲಿಲ್ಲ, ಅಷ್ಟೆ.

ಯಾಕೆಂದು ಹೇಳಬೇಕಾದರೆ ನೀವು ನನ್ನ ಜೊತೆ ಒಂದು ಮೂವತ್ತೈದು ವರ್ಷ ಹಿಂದಕ್ಕೆ, ಚಾಮರಾಜಪುರಂನ ಒಂದು ಹಿತ್ತಲಿಗೆ ಬರಬೇಕು. ವಕೀಲ ಶ್ರೀಕಂಠಯ್ಯನವರ ಮನೆಯ ಹಿತ್ತಲು. ಅದರಾಚೆಯ ಖಾಲಿ ನಿವೇಶನವೂ ಅವರದೇ. ಅಲ್ಲಿ ಎರಡು ಕಂಬ ನೆಟ್ಟು, ಹಲಗೆ ಹೊಡೆದು, ಕಬ್ಬಿಣದ ರಿಂಗು ಸಿಕ್ಕಿಸಿದ್ದೆವು. ನೆಲಕ್ಕೆ ಕೆಮ್ಮಣ್ಣು. ಅದೇ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು. ಶ್ರೀಕಂಠಯ್ಯನವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದ ಕೂಡಲೇ ನಾನೊಬ್ಬ ಆಟಗಾರನಾಗಿದ್ದೆ ಎಂದು ದಯವಿಟ್ಟು ಭಾವಿಸಬೇಡಿ. ನಾನು ಚೆಂಡು ಮುಟ್ಟುತ್ತಿದ್ದದ್ದು ಅದಕ್ಕೆ ಗಾಳಿ ತುಂಬಿಸುವಾಗ ಮಾತ್ರ. ಆಗ ನನಗೆ ಇಪ್ಪತ್ತೊಂಬತ್ತು; ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಕ್ಷರ ದುಂಡಗಿತ್ತು, ವಾಕ್ಯ ಉದ್ದವಾಗಿ ಬರುತ್ತಿತ್ತು. ಈ ಎರಡು ಗುಣಗಳಿಂದ ಮನುಷ್ಯ ನಮ್ಮ ಊರಿನಲ್ಲಿ ಯಾವ ಸಂಘಕ್ಕೆ ಬೇಕಾದರೂ ಕಾರ್ಯದರ್ಶಿಯಾಗಬಹುದು.

ಸಾಯಂಕಾಲ ನಾಲ್ಕೂವರೆಗೆ ಹುಡುಗರು ಬರುತ್ತಿದ್ದರು. ಮೊದಲು ನೆಲಕ್ಕೆ ನೀರು ಚಿಮುಕಿಸಬೇಕು, ಕಲ್ಲಿನ ರೋಲರ್ ಎಳೆಯಬೇಕು, ಸುಣ್ಣದ ಪುಡಿಯಲ್ಲಿ ಗೆರೆ ಹಾಕಬೇಕು. ಅಷ್ಟಾಗದೆ ಚೆಂಡು ಹೊರಗೆ ಬರುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರ ಕಟ್ಟಪ್ಪಣೆ ಅದು. ಸಮಿತಿಯಲ್ಲಿ ಆಟ ಬರುತ್ತಿದ್ದವರು ಅವರೊಬ್ಬರೇ. ಹುಡುಗರಿಗೆ ಕಲಿಸುತ್ತಿದ್ದವರೂ ಅವರೇ. ಉಳಿದಿಬ್ಬರಲ್ಲಿ ಒಬ್ಬರು ಡಾಕ್ಟರು, ಇನ್ನೊಬ್ಬರು ಜವಳಿ ಅಂಗಡಿಯವರು. ಒಟ್ಟು ಐದು ಜನ. ಐದು ಎಂಬುದನ್ನು ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

ಸಮಿತಿಯ ಸಭೆಯಲ್ಲಿ ಮೊದಮೊದಲು ಎಲ್ಲರಂತೆ ನಾವೂ ಕೈ ಎತ್ತಿ ತೀರ್ಮಾನಿಸುತ್ತಿದ್ದೆವು. ಒಂದು ಸಲ ಪೋಷಾಕಿನ ಬಣ್ಣ ನೀಲಿಯೋ ಹಸಿರೋ ಎಂಬ ಮಹಾಪ್ರಶ್ನೆಯಲ್ಲಿ ಡಾಕ್ಟರ ವಿರುದ್ಧ ಜವಳಿಯವರು ಕೈ ಎತ್ತಿದರು. ಎಂಟು ತಿಂಗಳು ಇಬ್ಬರಿಗೂ ಮಾತಿಲ್ಲ. ಜವಳಿಯವರಿಗೆ ಜ್ವರ ಬಂದರೆ ಯಾದವಗಿರಿಯ ತನಕ ಹೋಗಿ ಬೇರೆ ಡಾಕ್ಟರಿಗೆ ತೋರಿಸುತ್ತಿದ್ದರು. ಕೊನೆಗೆ ಶ್ರೀಕಂಠಯ್ಯನವರ ಪತ್ನಿ ಮೀನಾಕ್ಷಮ್ಮನವರೇ ದಾರಿ ತೋರಿಸಿದರು. "ಎಲ್ಲರ ಮುಂದೆ ಕೈ ಎತ್ತಿ ಯಾಕೆ ನಿಷ್ಠುರ ಆಗ್ತೀರಿ? ಹೇಗೂ ನಾನು ಕಾಫಿ ಕಳಿಸ್ತೀನಲ್ಲ. ಒಪ್ಪಿದೋರು ಕುಡೀರಿ, ಒಪ್ಪದೇ ಇದ್ದೋರು ಸುಮ್ಮನೆ ಬಿಡಿ. ಒಂದು ಲೋಟ ತುಂಬಿ ವಾಪಸು ಬಂದ್ರೂ ಆ ವಿಷಯ ಮುಂದಿನ ತಿಂಗಳಿಗೆ ಹೋಗ್ಲಿ."

ನಗಬೇಡಿ, ಹಾಗೆಯೇ ನಡೆಯಿತು. ಅಧ್ಯಕ್ಷರು ವಿಷಯ ಹೇಳುವುದು, ಐದು ಹಿತ್ತಾಳೆ ಲೋಟಗಳು ಬರುವುದು, ಒಂದು ಗುಟುಕು ಕುಡಿದರೂ ಒಪ್ಪಿಗೆ. ಆಮೇಲೆ ಆ ದಿನ ರೋಲರ್ ಎಳೆದ ಹುಡುಗ ಬಂದು ಲೋಟಗಳನ್ನು ಹಿತ್ತಲ ಕೊಳಾಯಿಗೆ ಒಯ್ದು ತೊಳೆಯುವುದು. ಈ ಪದ್ಧತಿಯಲ್ಲಿ ಒಂದೇ ದೋಷವಿತ್ತು: ಮೀನಾಕ್ಷಮ್ಮನವರ ಕಾಫಿ. ಬೀಜವನ್ನು ಅವರೇ ಹುರಿದು ಪುಡಿ ಮಾಡಿಸುತ್ತಿದ್ದರು. ಎದುರಿಗೆ ಹಬೆಯಾಡುವ ಆ ಲೋಟವಿಟ್ಟುಕೊಂಡು ಭಿನ್ನಾಭಿಪ್ರಾಯ ತಾಳುವುದು ಸಾಮಾನ್ಯರ ಕೆಲಸವಾಗಿರಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಅಲ್ಲಿಂದ ಮುಂದೆ ಒಂದು ಠರಾವೂ ಬಿದ್ದುಹೋಗಲಿಲ್ಲ.

ಈಗ ನಂಜುಂಡನ ವಿಷಯ. ಮಂಡಿ ಮೊಹಲ್ಲಾದಲ್ಲಿ ಅವನ ತಂದೆ ತಮ್ಮಯ್ಯನವರದು ತಗಡಿನ ಟ್ರಂಕು ಮಾಡುವ ಅಂಗಡಿ. ಹತ್ತು ವರ್ಷದವನಿದ್ದಾಗ ಶ್ರೀಕಂಠಯ್ಯನವರ ಮನೆಗೆ ಟ್ರಂಕು ತಲುಪಿಸಲು ಬಂದ ಹುಡುಗ, ಹಿತ್ತಲಲ್ಲಿ ಚೆಂಡಿನ ಸದ್ದು ಕೇಳಿ ಅಲ್ಲೇ ನಿಂತುಬಿಟ್ಟನಂತೆ. ಅವನನ್ನೂ ಅವನ ಜೊತೆಯ ಇನ್ನಿಬ್ಬರನ್ನೂ ಡ್ರಿಲ್ ಮೇಷ್ಟ್ರು ಬರಿಗಾಲಿನಲ್ಲಿ ಓಡಿಸಿ, ಬೈದು, ಬೆಳೆಸಿದರು. ಹತ್ತೊಂಬತ್ತಕ್ಕೆ ನಂಜುಂಡ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರವಾಗಿದ್ದ. ಊರಿನಲ್ಲಿ ನಮ್ಮ ಕ್ಲಬ್ಬಿಗೆ ಏನಾದರೂ ಹೆಸರಿತ್ತು ಎಂದರೆ ಅದು ಈ ಮೂವರಿಂದ. ವಿಚಿತ್ರ ನೋಡಿ, ದಸರಾ ಪಂದ್ಯಕ್ಕೆ ನಾವು ಪ್ರತಿವರ್ಷ ಬೆಂಗಳೂರಿನಿಂದ ಇಬ್ಬರನ್ನು ಕರೆಸುತ್ತಿದ್ದೆವು. ಅವರಿಗೆ ರೈಲು ಚಾರ್ಜು, ಹೋಟೆಲಿನ ಊಟ, ಕೈಗೊಂದು ಲಕೋಟೆ. ಅವರು ಆಡುತ್ತಿದ್ದದ್ದು ನಂಜುಂಡನ ಅರ್ಧದಷ್ಟು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮದು ಅಕ್ಷರಶಃ ಹಿತ್ತಲೇ.

ಒಂದು ದಿನ ತಮ್ಮಯ್ಯನವರು ಅಂಗಡಿಯ ಏಪ್ರನ್ನಿನಲ್ಲೇ ಕ್ಲಬ್ಬಿಗೆ ಬಂದರು. ಕೈಯಲ್ಲಿ ಸುತ್ತಿಗೆಯೂ ಇತ್ತು, ಬಹುಶಃ ಮರೆತು ತಂದದ್ದು. "ನೋಡಿ ಸ್ವಾಮಿ, ದಸರಾ ಕಳೀತಿದ್ದಂಗೆ ಮದ್ವೆ ಕಾಲ. ಟ್ರಂಕಿಗೆ ರಿವೀಟು ಬಡಿಯೋಕೆ ಸಾಯಂಕಾಲ ಜನ ಬೇಕು. ಇವ್ನು ಇಲ್ಲಿ ಕುಣೀತಾ ಇದ್ರೆ ನಾನು ಇನ್ನೊಬ್ಬ ಆಳು ಇಟ್ಕೋಬೇಕು. ಆ ಆಳಿನ ಕೂಲಿ ನೀವು ಕೊಡಿ, ಇವ್ನು ಎಷ್ಟು ಬೇಕಾದ್ರೂ ಕುಣೀಲಿ. ಇಲ್ಲಾಂದ್ರೆ ಬೆಂಗ್ಳೂರಿನ ಅದ್ಯಾವ್ದೋ ಕಾರ್ಖಾನೆಯೋರು ಕರೀತಾವ್ರೆ, ಆಟಾನೂ ಆಯ್ತದೆ, ಸಂಬ್ಳಾನೂ ಆಯ್ತದೆ, ಅಲ್ಲಿಗೇ ಕಳಿಸ್ಬುಡ್ತೀನಿ." ಕೇಳಿದ್ದು ಅಷ್ಟೇ: ಸಾಯಂಕಾಲದ ಒಬ್ಬ ಆಳಿನ ಕೂಲಿ. ಉಳಿದಿಬ್ಬರು ಹುಡುಗರೂ ಅದನ್ನೇ ಕೇಳಿದರು.

ನಂಜುಂಡನಿಗೆ ಹೋಗುವ ಮನಸ್ಸಿರಲಿಲ್ಲ. ಸಭೆಯ ಹಿಂದಿನ ದಿನ ರೋಲರ್ ಎಳೆಯುತ್ತಿದ್ದವನು ನನ್ನನ್ನು ಕಂಡು ನಿಂತ. "ಸಾರ್, ನಂಗೆ ಈ ಮಣ್ಣು ಬುಟ್ಟು ಓಗೋಕೆ ಇಷ್ಟ ಇಲ್ಲ. ಕಣ್ಣು ಮುಚ್ಕೊಂಡ್ರೂ ಈ ರಿಂಗು ಎಲ್ಲೈತೆ ಅಂತ ಗೊತ್ತಾಯ್ತದೆ. ನಾಳೆ ಏನ್ ಆಗ್ಬೌದು ಸಾರ್?"

ನಾನು ದೊಡ್ಡ ಮನುಷ್ಯನಂತೆ ಅವನ ಭುಜದ ಮೇಲೆ ಕೈಯಿಡಲು ಹೋದೆ. ಎಟುಕಲಿಲ್ಲ, ಮೊಣಕೈ ತಟ್ಟಿದೆ. "ಕೂಲಿ ಕೊಡೋದು ಬೇಡ ಅಂತ ಠರಾವು ಬಂದ್ರೂ ಒಂದು ಲೋಟ ತುಂಬಿ ವಾಪಸು ಹೋದ್ರೆ ಸಾಕಲ್ಲೋ, ಮುಂದಿನ ತಿಂಗಳಿಗೆ ಹೋಗುತ್ತೆ. ಅಷ್ಟರಲ್ಲಿ ದಸರಾ. ಪಂದ್ಯಕ್ಕೆ ಟಿಕೆಟ್ ಇಟ್ಟು ನಿಮ್ಮ ಮೂವರ ಕೂಲಿ ಎತ್ತೋಣ ಅಂತ ಮೇಷ್ಟ್ರೂ ನಾನೂ ಮಾತಾಡ್ಕೊಂಡಿದ್ದೀವಿ. ನಾಳೆ ನನ್ನ ಲೋಟ ನಾನು ಮುಟ್ಟೋದಿಲ್ಲ ಕಣೋ, ಹೋಗು."

"ಮಾತು ಕೊಟ್ರಿ ಸಾರ್," ಎಂದು ನಕ್ಕು ಅವನು ಮತ್ತೆ ರೋಲರ್ ಹಿಡಿದ.

ಮರುದಿನ ಸಭೆ. ಶ್ರೀಕಂಠಯ್ಯನವರು ಕೆಟ್ಟವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗರಿಗೆ ಜ್ವರ ಬಂದರೆ ತಾವೇ ಹಣ್ಣು ಹಿಡಿದು ಮಂಡಿ ಮೊಹಲ್ಲಾಗೆ ಹೋಗುತ್ತಿದ್ದವರು. "ನೋಡ್ರೀ, ದುಡ್ಡು ಬಂತು ಅಂದ್ರೆ ಆಟ ಹೋಗಿ ಕೂಲಿ ಆಗುತ್ತೆ. ಬೆಂಗಳೂರಿನೋರು ಅತಿಥಿಗಳು, ಅವರಿಗೆ ಸತ್ಕಾರ ಮಾಡ್ತೀವಿ. ಇವರು ಮನೆ ಮಕ್ಕಳು. ಮನೆ ಮಕ್ಕಳಿಗೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ?" ಎಂದರು. ಅವರ ಕಣ್ಣಲ್ಲಿ ನೀರಾಡಿತು, ನಟನೆಯಲ್ಲ. ಜವಳಿಯವರು, "ಇವತ್ತು ಮೂರು ಜನ, ನಾಳೆ ಹದಿಮೂರು," ಎಂದರು. ಡಾಕ್ಟರು ತಲೆಯಾಡಿಸಿದರು. ಡ್ರಿಲ್ ಮೇಷ್ಟ್ರು ತಮ್ಮ ಬೂಟಿನ ಲೇಸು ಬಿಚ್ಚಿ ಕಟ್ಟುತ್ತಾ ಕುಳಿತರು. ನಾನೂ ಮಾತಾಡಲಿಲ್ಲ, ನನ್ನ ಉತ್ತರ ಲೋಟದಲ್ಲಿದೆಯಲ್ಲ ಎಂಬ ಧೈರ್ಯ.

ಆಗ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಹುಡುಗರ ಮನಸ್ಸಿಗೆ ನೋವಾಗಬಾರದು. ನೀವೇ ಒಂದು ಚೆಂದದ ವಾಕ್ಯ ಬರೀರಿ. ನಿಮ್ಮ ಹಾಗೆ ಬರೆಯೋರು ಯಾರಿದ್ದಾರೆ?"

ಬರೆದೆ. ಆ ವಾಕ್ಯ ಇಂದಿಗೂ ಬಾಯಿಪಾಠವಾಗಿದೆ: "ಕ್ರೀಡೆಯೆಂಬ ನಿರ್ಮಲ ಜಲಕ್ಕೆ ವೇತನವೆಂಬ ಕಲ್ಮಷವು ಸೇರದಿರಲೆಂದೂ, ಕ್ಲಬ್ಬಿನ ಕಣ್ಮಣಿಗಳಾದ ಮೂವರು ತರುಣರಿಗೆ ವಾರ್ಷಿಕೋತ್ಸವದಲ್ಲಿ ಹಾರ ಹಾಕಿ ಗೌರವಿಸತಕ್ಕದ್ದೆಂದೂ ಸಮಿತಿಯು ಪ್ರೀತಿಪೂರ್ವಕವಾಗಿ ನಿರ್ಣಯಿಸುತ್ತದೆ." ಓದಿದೆ. ಶ್ರೀಕಂಠಯ್ಯನವರು ಕಣ್ಣು ಮುಚ್ಚಿ, "ಆಹಾ! ಇನ್ನೊಂದು ಸಲ ಓದಿ," ಎಂದರು. ಡಾಕ್ಟರು, "ಕಣ್ಮಣಿ ಅನ್ನೋದು ಬಹಳ ಚೆನ್ನಾಗಿದೆ ಕಣ್ರೀ," ಎಂದರು. ಇನ್ನೊಂದು ಸಲ ಓದಿದೆ. ಅಷ್ಟರಲ್ಲಿ ಕಾಫಿ ಬಂತು. ಎಲ್ಲರೂ ನನ್ನ ಕಡೆ ನೋಡಿ ನಗುತ್ತಾ ಲೋಟ ಎತ್ತಿದರು. ನಾನೂ ಎತ್ತಿದೆ.

ಲೋಟಗಳನ್ನು ಒಯ್ಯುವ ಸರದಿ ಅಂದು ನಂಜುಂಡನದಲ್ಲ. ಆದರೂ ಅವನೇ ಬಂದ. ಒಂದೊಂದಾಗಿ ತಟ್ಟೆಗೆ ಇಟ್ಟುಕೊಳ್ಳುತ್ತಾ ನನ್ನದರ ಮುಂದೆ ಒಂದು ಕ್ಷಣ ನಿಂತು, ಒಳಗೆ ಬಗ್ಗಿ ನೋಡಿದ. ತಟ್ಟೆ ಎತ್ತಿಕೊಂಡು ಹೊರಟ. ನಾನು ಕೊಳಾಯಿಯ ತನಕ ಅವನ ಹಿಂದೆ ಓಡಿದೆ. "ಅಯ್ಯೋ, ಮರೆತು ಕುಡಿದುಬಿಟ್ಟೆ ಕಣೋ! ಬರೆಯೋ ಗಡಿಬಿಡೀಲಿ..." ಎಂದೆ. "ಓಗ್ಲಿ ಬುಡಿ ಸಾರ್," ಎಂದು ಅವನು ಬೂದಿ ಹಾಕಿ ಲೋಟ ಉಜ್ಜತೊಡಗಿದ. ಆ ವಾರವೇ ಬೆಂಗಳೂರಿಗೆ ಹೊರಟುಹೋದ. ಹಾರ ಹಾಕಿಸಿಕೊಳ್ಳಲು ಯಾರೂ ಉಳಿಯಲಿಲ್ಲ. ಮಿಕ್ಕಿಬ್ಬರು ಆಟ ಬಿಟ್ಟು ಅಂಗಡಿ ಸೇರಿದರು.

ಮುಂದಿನ ವರ್ಷದ ದಸರಾಕ್ಕೆ ಅವನು ಕಾರ್ಖಾನೆಯ ತಂಡದೊಂದಿಗೆ ನಮ್ಮ ಮೇಲೆಯೇ ಆಡಲು ಬಂದ. ಪಂದ್ಯಕ್ಕೆ ಎರಡು ಗಂಟೆ ಮುಂಚೆ ನಾನು ಹೋದರೆ, ಎದುರು ಪಕ್ಷದ ಪೋಷಾಕು ತೊಟ್ಟ ಉದ್ದನೆಯ ಆಳೊಬ್ಬ ನಮ್ಮ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾನೆ. "ನಿಮ್ಮ ಹುಡುಗ್ರು ಯಾರೂ ಬಂದಿರ್ಲಿಲ್ಲ ಸಾರ್, ಮಣ್ಣು ಒಣಗೋಗಿತ್ತು," ಎಂದ. ಆಮೇಲೆ ನಮ್ಮನ್ನು ಚೆನ್ನಾಗಿ ಸೋಲಿಸಿದ. ಆ ವರ್ಷದ ವರದಿಯಲ್ಲಿ ನಾನು, "ಬೆಂಗಳೂರಿಗೆ ನಮ್ಮ ಕ್ಲಬ್ಬಿನ ಅಮೂಲ್ಯ ಕೊಡುಗೆ" ಎಂದು ಅವನ ಬಗ್ಗೆ ಒಂದು ಪ್ಯಾರಾ ಬರೆದೆ. ಅದನ್ನೂ ಎಲ್ಲರೂ ಮೆಚ್ಚಿದರು. ಕ್ಲಬ್ಬು ಇನ್ನೆರಡು ವರ್ಷ ಹೇಗೋ ನಡೆದು ನಿಂತಿತು.

ಇಷ್ಟು ವರ್ಷವೂ ಈ ಕಥೆಯನ್ನು ನಾನು ಹತ್ತಾರು ಜನರಿಗೆ ಹೇಳಿದ್ದೇನೆ, ನನ್ನ ಮರೆವಿನ ತಮಾಷೆಯಾಗಿ. ಜನ ಬಿದ್ದು ಬಿದ್ದು ನಗುತ್ತಾರೆ. ನಂಜುಂಡನಿಗೆ ಮಾತ್ರ ಮತ್ತೆ ಹೇಳಿರಲಿಲ್ಲ. ಭಾನುವಾರ ಅವನು ಎದುರಿಗೆ ಕುಳಿತಿದ್ದ, ತಲೆ ಪೂರ್ತಿ ಬೆಳ್ಳಗಾಗಿದೆ, ಮಂಡಿ ನೋವೆಂದು ಕಾಲು ಚಾಚಿಕೊಂಡಿದ್ದ. ನನ್ನ ಲೋಟ ನೋಡಿ ನಕ್ಕ.

"ಕುಡೀರಿ ಸಾರ್. ಈಗೇನು ಠರಾವು ಇಲ್ವಲ್ಲ."

"ಆವತ್ತು ಮರೆತು..." ಎಂದು ಶುರುಮಾಡಿದೆ, ಅಭ್ಯಾಸಬಲ.

"ಇಲ್ಲ ಬುಡಿ ಸಾರ್," ಎಂದ ನಂಜುಂಡ. ಸಿಟ್ಟಿರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ. "ಲೋಟ ತೊಳ್ದೋನು ನಾನಲ್ವಾ? ಡ್ರಿಲ್ ಮೇಷ್ಟ್ರ ಲೋಟದಲ್ಲಿ ಅರ್ಧಕ್ಕೆ ಅರ್ಧ ಅಂಗೇ ಇತ್ತು. ಪಾಪ, ಮರ್ತು ಕುಡ್ದು, ನೆಪ್ಪಾಗಿ ಅರ್ಧಕ್ಕೇ ನಿಲ್ಲಿಸ್ಬುಟ್ಟವ್ರೆ ಅನ್ಕೊಂಡೆ. ನಿಮ್ಮ ಲೋಟದಲ್ಲಿ ತಳದ ಸಕ್ಕರೇನೂ ಇರ್ಲಿಲ್ಲ. ತಿರುಗಿಸಿ ತಿರುಗಿಸಿ ಕುಡ್ದಿದ್ರಿ."

ಹೌದು, ತಿರುಗಿಸಿದ್ದೆ. ಲೋಟ ಎತ್ತುವಾಗಲೂ ನಂಜುಂಡನ ನೆನಪಿತ್ತು, ಕೊಟ್ಟ ಮಾತಿನ ನೆನಪೂ ಇತ್ತು. ನನ್ನ ವಾಕ್ಯವನ್ನು ಹೊಗಳಿದ ಆ ನಾಲ್ವರ ಮುಖಗಳು ಬಾಡುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ. ಅದಕ್ಕಾಗಿ ಒಬ್ಬ ಹುಡುಗನ ಊರು ತಪ್ಪಿಸಿದೆ. ಅವನಿಗೆ ಆಮೇಲೆ ಒಳ್ಳೆಯದೇ ಆಯಿತಲ್ಲ ಎಂದು ನೀವು ಸಮಾಧಾನ ಹೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಹೇಳಿಕೊಂಡಿದ್ದೆ.

"ಮರೆತಿರಲಿಲ್ಲ ಕಣೋ," ಎಂದೆ.

"ಗೊತ್ತು ಸಾರ್," ಎಂದು ಅವನು ಲಗ್ನಪತ್ರಿಕೆಯನ್ನು ನನ್ನ ಕಡೆ ಸರಿಸಿದ. "ಅಮ್ಮಾವ್ರನ್ನೂ ಕರ್ಕೊಂಡು ಮದ್ವೆಗೆ ಒಂದಿನ ಮುಂಚೇನೇ ಬಂದ್ಬುಡಿ."

ಅವನು ಹೋದ ಮೇಲೆ ನನ್ನ ಹೆಂಡತಿ ಲೋಟ ತೆಗೆಯಲು ಬಂದಳು. ನಾನು ಕೊಡಲಿಲ್ಲ. ಆರಿದ ಕಾಫಿಯನ್ನು ಗಿಡಕ್ಕೆ ಚೆಲ್ಲಿ, ಎರಡು ಲೋಟಗಳನ್ನೂ ಕೊಳಾಯಿಯ ಹತ್ತಿರ ಒಯ್ದು ನಾನೇ ತೊಳೆದೆ. ನಂಜುಂಡನ ಲೋಟದ ತಳದಲ್ಲಿ ಸ್ವಲ್ಪ ಸಕ್ಕರೆ ಉಳಿದಿತ್ತು.