ಮೊರಾವದ ತಲೆ ಎಣಿಸಿದ ಅರ್ಡೆಲ್

ಮೊರಾವ ಊರಿನಲ್ಲಿ ಒಂದು ಸುದ್ದಿ ಹರಡಬೇಕಾದರೆ ಅದನ್ನು ಅರ್ಡೆಲ್ ಕುಬಿಕ್‌ಳ ಕಿವಿಗೆ ಹಾಕಿದರೆ ಸಾಕಿತ್ತು. ಮಧ್ಯಾಹ್ನದೊಳಗೆ ಅದು ರೈಲುಹಳಿಯ ಪಕ್ಕದ ಧಾನ್ಯದ ಗೋದಾಮಿನಿಂದ ಹಿಡಿದು ಚರ್ಚಿನ ಹಿಂದಿನ ಸ್ಮಶಾನದವರೆಗೂ ಮುಟ್ಟುತ್ತದೆ ಎಂದು ಜನ ನಗುತ್ತಿದ್ದರು. ಮೂವತ್ತನಾಲ್ಕು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು ಅವಳು. ಮಕ್ಕಳು ಮನೆಯ ಮಾತನ್ನೆಲ್ಲ ಬಸ್ಸಿನಲ್ಲಿ ಚೆಲ್ಲುತ್ತಿದ್ದವು. ಇವಳು ಹೆಕ್ಕಿಕೊಂಡು ವ್ಲಾಸ್ತಾಳ ಕಾಫಿ ಅಂಗಡಿಗೆ ತರುತ್ತಿದ್ದಳು. ಮನಸ್ಸು ಕೆಟ್ಟದ್ದಲ್ಲ. ಬಾಯಲ್ಲಿ ಎಳ್ಳು ನೆನೆಯುತ್ತಿರಲಿಲ್ಲ, ಅಷ್ಟೇ.

ಆಮೇಲೆ ಮಕ್ಕಳು ಕಡಿಮೆಯಾಗಿ ಊರಿನ ಶಾಲೆ ಮುಚ್ಚಿತು. ಬಸ್ಸು ಪಕ್ಕದ ಊರಿನ ಪಾಲಾಯಿತು. ಎರಡು ವರ್ಷಕ್ಕೆ ಗಂಡ ರೇ ತೀರಿಕೊಂಡ. ನೆಬ್ರಾಸ್ಕಾದ ಆ ಮೂಲೆಯಲ್ಲಿ ಎಲ್ಲ ಊರುಗಳ ಕಥೆಯೂ ಅದೇ ಆಗಿತ್ತು. ಒಂದು ಕಾಲಕ್ಕೆ ಐನೂರು ಜನರಿದ್ದ ಮೊರಾವದಲ್ಲಿ ಕಳೆದ ಗಣತಿಯ ಹೊತ್ತಿಗೆ ಉಳಿದದ್ದು ನೂರ ತೊಂಬತ್ತಾರು. ಅರ್ಡೆಲ್ ಬೆಳಿಗ್ಗೆ ಐದಕ್ಕೇ ಎದ್ದು, ಓಡಿಸಲು ಬಸ್ಸಿಲ್ಲದೆ, ಅಡುಗೆಮನೆಯ ಕಿಟಕಿಯ ಮುಂದೆ ಕೂತಿರುತ್ತಿದ್ದಳು. 2010ರ ವಸಂತದಲ್ಲಿ ಅಂಚೆ ಕಚೇರಿಯ ಗೋಡೆಯ ಮೇಲೆ ಜನಗಣತಿಗೆ ಆಳು ಬೇಕೆಂಬ ಕಾಗದ ಕಂಡಾಗ ಅವಳಿಗೆ ಅರವತ್ತಾರು. ಆವತ್ತೇ ಅರ್ಜಿ ಹಾಕಿದಳು.

ಕೆಲಸ ಸಿಕ್ಕಿತು. ಆದರೆ ಮೊದಲ ದಿನವೇ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು: ಮನೆಗಳಲ್ಲಿ ಕೇಳಿದ್ದನ್ನು ಜೀವ ಇರುವವರೆಗೆ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಐದು ವರ್ಷ ಜೈಲು.

ಇದನ್ನು ಕೇಳಿ ವ್ಲಾಸ್ತಾ ಕೈಲಿದ್ದ ಕಾಫಿ ಜಗ್ಗನ್ನು ಮೇಜಿನ ಮೇಲಿಟ್ಟು ನಗತೊಡಗಿದಳು. ಅಂಗಡಿಯಲ್ಲಿದ್ದವರೂ ನಕ್ಕರು.

"ಅಲ್ವೇ ಅರ್ಡೆಲ್, ನೀನು ಗುಟ್ಟು ಕಾಯೋದಾ? ಬೆಕ್ಕಿನ ಕೈಲಿ ಹಾಲು ಕಾಯ್ಸಿದ ಹಾಗಾಯ್ತಲ್ಲೇ!"

"ಐದು ವರ್ಷ ಜೈಲು ಕಣೇ."

"ಒಳ್ಳೇದೇ ಆಯ್ತು ಬಿಡು. ಅಲ್ಲಿ ಮಾತಾಡಕ್ಕೆ ಜನ ಸಿಕ್ತಾರೆ."

ಅರ್ಡೆಲ್‌ಗೆ ಆ ನಗು ಚುಚ್ಚಿತು. ಅಂಗಡಿಯಿಂದ ಹೊರಗೆ ಬಂದು ಪಿಕಪ್ ಗಾಡಿಯಲ್ಲಿ ಕೂತು, ನೋಡೇಬಿಡೋಣ ಎಂದುಕೊಂಡಳು.

ಅಂಚೆಯಲ್ಲಿ ಬಂದ ಫಾರಂ ತುಂಬಿ ಕಳಿಸದ ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡು ಬರುವುದು ಅವಳ ಕೆಲಸ. ಮೊದಲ ವಾರವೇ ವ್ಲಾಸ್ತಾಳ ಮನೆ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೇ ಕೂತರು. ಹುಟ್ಟಿದ ದಿನ ಕೇಳಿದಾಗ ವ್ಲಾಸ್ತಾ ಕಿಟಕಿಯ ಹೊರಗೆ ನೋಡಿದಳು, ಬಾಗಿಲ ಕಡೆ ನೋಡಿದಳು, ಕೊನೆಗೆ ಇಸವಿಯನ್ನು ಪಿಸುಗುಟ್ಟಿದಳು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದ ವಯಸ್ಸಿಗೂ ಇದಕ್ಕೂ ಆರು ವರ್ಷ ವ್ಯತ್ಯಾಸವಿತ್ತು. ಅರ್ಡೆಲ್ ರೆಪ್ಪೆ ಹೊಡೆಯದೆ ಬರೆದುಕೊಂಡಳು.

"ನಗ್ಬೇಡ್ವೇ," ಅಂದಳು ವ್ಲಾಸ್ತಾ.

"ಯಾರು ನಕ್ರು? ಮುಂದಿನ ಪ್ರಶ್ನೆ ಕೇಳ್ಲಾ?"

ಎರಡನೆಯ ವಾರ ಪಾದ್ರಿಗಳು ಹಿಂದೆ ವಾಸವಾಗಿದ್ದ ಹಳೆಯ ಮನೆಗೆ ಹೋದಳು. ಹಂದಿ ಸಾಕಣೆಯ ಶೆಡ್ಡುಗಳಲ್ಲಿ ಕೆಲಸಕ್ಕೆಂದು ಗ್ವಾಟೆಮಾಲಾದಿಂದ ಬಂದವರು ಅಲ್ಲಿ ಬಾಡಿಗೆಗಿದ್ದರು. ಎರಡು ಸಲ ಬಾಗಿಲು ತೆರೆಯಲೇ ಇಲ್ಲ. ಮೂರನೆಯ ಸಲ ಸರಪಳಿ ಹಾಕಿದ ಬಾಗಿಲ ಸಂದಿಯಲ್ಲಿ ಮೂವತ್ತರ ಒಬ್ಬ ಹೆಂಗಸಿನ ಅರ್ಧ ಮುಖ ಕಂಡಿತು. ಎವುಲಾಲಿಯಾ ಎಂದು ಅವಳ ಹೆಸರು.

"ನೀವು ಪೊಲೀಸಾ?"

"ಅಯ್ಯೋ ಇಲ್ಲಮ್ಮ, ನಾನು ಬಸ್ ಡ್ರೈವರು."

ಹೆಂಗಸು ಒಂದು ಗಳಿಗೆ ಇವಳನ್ನೇ ದಿಟ್ಟಿಸಿ ನಕ್ಕುಬಿಟ್ಟಳು. ಆದರೂ ಸರಪಳಿ ತೆಗೆಯಲಿಲ್ಲ.

"ಇದನ್ನ ಬರ್ದು ಯಾರಿಗೆ ಕೊಡ್ತೀರಿ?"

"ಯಾರಿಗೂ ಕೊಡಲ್ಲ. ತಲೆ ಎಣಿಸ್ತಾರೆ, ಅಷ್ಟೇ. ನೀವು ಹೇಳಿದ್ದು ನನ್ನ ಹೊಟ್ಟೆಯಿಂದ ಹೊರಗೆ ಬರಲ್ಲ. ಬಂದ್ರೆ ನನ್ನನ್ನೇ ಜೈಲಿಗೆ ಹಾಕ್ತಾರೆ."

ಎವುಲಾಲಿಯಾ ಆವತ್ತು ಯಾವ ಹೆಸರನ್ನೂ ಬರೆಸದೆ ಬಾಗಿಲು ಮುಚ್ಚಿದಳು. ತನ್ನ ಮನೆಯ ಮಾತು ಊರಲ್ಲಿ ಹಬ್ಬುತ್ತದೇನೋ ಎಂದು ನಾಲ್ಕು ದಿನ ಕಾದಳು. ಊರಿನವರು ತನ್ನನ್ನು ನೋಡುವ ನೋಟದಲ್ಲಿ ಏನೂ ಬದಲಾಗಲಿಲ್ಲ. ಐದನೆಯ ದಿನ ತಾನೇ ಅರ್ಡೆಲ್‌ಳ ಪಿಕಪ್ಪಿಗೆ ಕೈ ಅಡ್ಡಹಿಡಿದು ಒಳಗೆ ಕರೆದೊಯ್ದಳು. ತಾನು, ಗಂಡ, ಮೂರು ಮಕ್ಕಳು, ಮೈದುನ, ಅವನ ಹೆಂಡತಿ, ಅವರ ಅವಳಿ ಕೂಸುಗಳು. ಒಂಬತ್ತು ಹೆಸರು ಬರೆಯುವಷ್ಟರಲ್ಲಿ ಅರ್ಡೆಲ್‌ಳ ಕೈ ನೋಯತೊಡಗಿತು. ಒಬ್ಬಂಟಿ ವಿಧವೆಯರ ಮನೆಗಳನ್ನೇ ಎಣಿಸಿ ಬಂದ ಅವಳಿಗೆ ಆ ಕೈನೋವು ಹಿತವೆನಿಸಿತು.

ಮರುದಿನ ಅಂಗಡಿಯಲ್ಲಿ ಎಲ್ಲರೂ ಮುತ್ತಿಕೊಂಡರು. "ಆ ಮನೇಲಿ ಎಷ್ಟು ಜನ ಇದಾರೆ? ಹದಿನೈದಂತೆ, ಹೌದಾ?"

ಅರ್ಡೆಲ್ ಗಸಗಸೆ ತುಂಬಿದ ಬನ್ನನ್ನು ಮುರಿದು ಬಾಯಿಗಿಟ್ಟುಕೊಂಡಳು. "ಇವತ್ತು ಬನ್ನು ಚೆನ್ನಾಗಿ ಬಂದಿದೆ ವ್ಲಾಸ್ತಾ," ಅಂದಳು.

ಆದರೆ ನಿಜವಾದ ಪರೀಕ್ಷೆ ಎದುರಾದದ್ದು ಜೂನ್ ತಿಂಗಳಲ್ಲಿ, ಜೆಮಾನ್ ಸಹೋದರರ ಮನೆಯಲ್ಲಿ.

ಲುಮೀರ್ ಮತ್ತು ಸ್ಟಾನ್ ಇಬ್ಬರೂ ಮದುವೆಯಾಗದವರು. ಸುತ್ತಲಿನ ಊರುಗಳ ಮದುವೆಗಳಲ್ಲಿ ಪೋಲ್ಕಾ ಕುಣಿತಕ್ಕೆ ಅವರದೇ ವಾದ್ಯ: ಅಣ್ಣ ಲುಮೀರ್ ಡ್ರಮ್ಮು ಬಾರಿಸಿದರೆ ತಮ್ಮ ಸ್ಟಾನ್ ಅಕಾರ್ಡಿಯನ್ ನುಡಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಮದುವೆಯಲ್ಲಿ ಲುಮೀರ್ ನಡುವೆಯೇ ಕೋಲು ಕೆಳಗಿಟ್ಟು, "ಸ್ವಲ್ಪ ತಡೀರಪ್ಪ, ನಮ್ಮ ತಮ್ಮ ಇನ್ನೂ ತಾಳದ ಹಿಂದೆ ಬರ್ತಾ ಇದಾನೆ," ಎಂದು ಮೈಕಿನಲ್ಲಿ ಹೇಳಿದ್ದ. ಇನ್ನೂರು ಜನ ನಕ್ಕರು. ಆವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಫ್ರಿಜ್.

ಅರ್ಡೆಲ್ ಹೋದಾಗ ಇಬ್ಬರೂ ಬೇರೆಬೇರೆ ಫಾರಂ ಬೇಕೆಂದು ಹಟ ಹಿಡಿದರು.

"ಅಡುಗೆಮನೆ ಒಂದೇ, ಮನೆ ಒಂದೇ, ಫಾರಮ್ಮೂ ಒಂದೇ," ಅಂದಳು ಅರ್ಡೆಲ್, ತುಂಟ ಹುಡುಗರನ್ನು ಬಸ್ಸಿನಲ್ಲಿ ಕೂರಿಸುತ್ತಿದ್ದ ದನಿಯಲ್ಲಿ. "ಕೂತ್ಕೊಳಿ ಇಬ್ರೂ."

ಕೂತರು. ಇಬ್ಬರೂ ಒಂದೊಂದು ಲೋಟ ಕಾಫಿ ತಂದಿಟ್ಟರು. ಯಾರ ಮನಸ್ಸೂ ನೋಯಬಾರದೆಂದು ಅವಳು ಎರಡನ್ನೂ ಕುಡಿದಳು. ಒಬ್ಬನನ್ನು ಕೇಳಿದರೆ ಅವನು ಗೋಡೆಗೆ ಉತ್ತರ ಹೇಳುತ್ತಿದ್ದ, ಇನ್ನೊಬ್ಬ ಕಿಟಕಿಗೆ. ಲುಮೀರನಿಗೆ ಎಂಬತ್ತು. ಅದನ್ನು ಬರೆದುಕೊಂಡು ಸ್ಟಾನನ ಕಡೆ ತಿರುಗಿದಳು.

"ಜನವರಿ ಹನ್ನೆರಡು, ಮೂವತ್ತೇಳು," ಅಂದ ಸ್ಟಾನ್ ಕಿಟಕಿಗೆ.

"ಹನ್ನೊಂದು," ಅಂದಿತು ಗೋಡೆಯ ಕಡೆಯಿಂದ ಒಂದು ದನಿ.

ಅರ್ಡೆಲ್ ಪೆನ್ಸಿಲ್ ಎತ್ತಿದಳು. ಸ್ಟಾನನ ಕುತ್ತಿಗೆ ಕೆಂಪಾಯಿತು.

"ನಾನು ಹುಟ್ಟಿದ ದಿನ ನಂಗೊತ್ತಿಲ್ವಾ ಅಂತ ಕೇಳು ಅವನನ್ನ."

"ಅವನಿಗೇನು ಗೊತ್ತಿರುತ್ತೆ? ಹಿಮಗಾಳಿ ಬೀಸ್ತಿತ್ತು. ಡಾಕ್ಟರು ಬಂದಿದ್ದು ಮಾರನೇ ದಿನ, ಅವರು ಬಂದ ತಾರೀಖನ್ನೇ ಬರ್ಕೊಂಡ್ರು. ಕೂಸು ಅತ್ತಿದ್ದು ಹಿಂದಿನ ಸಂಜೆ. ನಾನಲ್ಲೇ ಇದ್ದೆ."

ಸ್ಟಾನ್ ತಟ್ಟನೆ ತಿರುಗಿ ಅಣ್ಣನ ಮುಖವನ್ನೇ ನೋಡಿದ. "ನಾನೂ ಅಲ್ಲೇ ಇದ್ದೆ ಕಣೋ, ಹುಟ್ತಾ ಇದ್ದೆ!"

ಅರ್ಡೆಲ್ ಪೆನ್ಸಿಲ್ ಮೇಜಿನ ಮೇಲಿಟ್ಟಳು.

"ಅಮ್ಮನಿಗೆ ಬಿಸಿನೀರು ಕಾಯ್ಸಿ ಕೊಟ್ಟಿದ್ದು ನಾನು," ಅಂದ ಲುಮೀರ್. ಅವನೂ ಈಗ ತಮ್ಮನನ್ನೇ ನೋಡುತ್ತಿದ್ದ. "ಏಳು ವರ್ಷ ನಂಗೆ. ಕೈ ಸುಟ್ಕೊಂಡೆ. ನೋಡಿಲ್ಲಿ."

ಮಣಿಕಟ್ಟಿನ ಮೇಲೆ ಹಳೆಯದೊಂದು ಬಿಳಿ ಕಲೆ ಇತ್ತು. ಸ್ಟಾನ್ ಬಗ್ಗಿ ನೋಡಿದ.

"ಇದು ಟ್ರ್ಯಾಕ್ಟರಿನ ಸೈಲೆನ್ಸರ್ ತಾಗಿದ್ದು ಅಂತಿದ್ದೆ."

"ನೀನು ಕೇಳಿದ್ದಕ್ಕೆ ಏನೋ ಒಂದು ಹೇಳ್ದೆ."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ನಮಗೆ ಮಾತೆಲ್ಲಿತ್ತು?"

"ಅದಕ್ಕೂ ಮುಂಚೆ ಅರವತ್ತೆರಡು ವರ್ಷ ಇತ್ತಲ್ಲೋ, ಮಾರಾಯ!"

ಲುಮೀರನಿಗೆ ಮೊದಲು ಕೆಮ್ಮು ಬಂತು, ಆಮೇಲೆ ಅದು ನಗುವಾಯಿತು. ಸ್ಟಾನ್ ನಗಬಾರದೆಂದು ಮೀಸೆ ಕಚ್ಚಿದ, ಆಗಲಿಲ್ಲ. ಇಬ್ಬರು ಮುದುಕರೂ ಮೇಜಿಗೆ ಹಣೆ ತಾಗುವ ಹಾಗೆ ನಕ್ಕರು. ಅರ್ಡೆಲ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಡಾಕ್ಟರ ಕಾಗದದಲ್ಲಿರುವ ದಿನವನ್ನೇ ಬರೆಯಬೇಕು ಎಂದು ಹನ್ನೆರಡು ಬರೆದಳು. "ಮೊದಲನೇ ವ್ಯಕ್ತಿಗೆ ಇವರು ಏನಾಗ್ಬೇಕು?" ಎಂದು ಫಾರಂ ನೋಡಿ ಕೇಳಿದಳು.

"ತಮ್ಮ," ಅಂದ ಲುಮೀರ್. "ದೊಡ್ಡ ಅಕ್ಷರದಲ್ಲಿ ಬರಿ."

ಹೊರಗೆ ಬಂದು ಗಾಡಿ ಹತ್ತಿದ ಮೇಲೆ ಅರ್ಡೆಲ್‌ಗೆ ತನ್ನ ಪಾಡು ಅರ್ಥವಾಯಿತು. ಹನ್ನೊಂದು ವರ್ಷದಲ್ಲಿ ಮೊರಾವದಲ್ಲಿ ಇಷ್ಟು ದೊಡ್ಡ ಸುದ್ದಿ ಹುಟ್ಟಿರಲಿಲ್ಲ, ಅದು ಇಡೀ ಭೂಮಿಯ ಮೇಲೆ ಅವಳೊಬ್ಬಳ ಕೈಯಲ್ಲಿತ್ತು. ನಾಲಿಗೆ ತುರಿಸಿತು. ಕಾಫಿ ಅಂಗಡಿಯ ಮುಂದೆ ಗಾಡಿ ತಾನಾಗಿ ನಿಧಾನವಾಯಿತು. ಕಿಟಕಿಯಲ್ಲಿ ವ್ಲಾಸ್ತಾ ಕೈಬೀಸಿದಳು. ಅರ್ಡೆಲ್ ತಾನೂ ಕೈಬೀಸಿ ನಿಲ್ಲದೆ ಮುಂದೆ ಹೋದಳು. ಊರು ದಾಟಿ, ಎರಡೂ ಕಡೆ ಮೊಣಕಾಲೆತ್ತರ ಮೆಕ್ಕೆಜೋಳ ನಿಂತಿದ್ದ ಮಣ್ಣುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಗಾಜು ಏರಿಸಿಕೊಂಡು, ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸ್ಟೀರಿಂಗಿಗೆ ಹೇಳಿದಳು. ಸ್ಟಾನನ ದನಿ, ಲುಮೀರನ ದನಿ, ಎಲ್ಲ ತೆಗೆದು ಹೇಳಿದಳು. ಹೊಟ್ಟೆ ಹಗುರವಾಯಿತು. ಮನೆಗೆ ಹೋಗಿ ಮೊಟ್ಟೆ ಹುರಿದುಕೊಂಡು ತಿಂದಳು.

ಮೂರು ವಾರ ಕಳೆದು ಚರ್ಚಿನ ಬೇಸಿಗೆ ಊಟದ ದಿನ, ಮರದ ಕೆಳಗೆ ಲುಮೀರ್ ಡ್ರಮ್ಮು ಹೂಡುತ್ತಿದ್ದ, ಪಕ್ಕದಲ್ಲಿ ಸ್ಟಾನ್ ಅಕಾರ್ಡಿಯನ್ ಕೊರಳಿಗೆ ಹಾಕಿಕೊಂಡು ನಿಂತಿದ್ದ. ವ್ಲಾಸ್ತಾ ಊಟದ ತಟ್ಟೆ ಹಿಡಿದುಕೊಂಡೇ ಏದುಸಿರು ಬಿಡುತ್ತಾ ಅರ್ಡೆಲ್‌ಳ ಬಳಿ ಓಡಿಬಂದಳು.

"ನೋಡಿದ್ಯೇನೇ? ಜೆಮಾನ್ ಮುದುಕರು ಒಂದಾಗಿದಾರೆ!"

"ಹೌದಾ?" ಅಂದಳು ಅರ್ಡೆಲ್. "ಒಳ್ಳೇದಾಯ್ತಲ್ಲ."

ವ್ಲಾಸ್ತಾ ಅವಳ ಮುಖವನ್ನೇ ನೋಡಿದಳು. "ನಿಂಗೆ ಮೊದಲೇ ಗೊತ್ತಿತ್ತು."

ಅರ್ಡೆಲ್ ತನ್ನ ತಟ್ಟೆಯ ಆಲೂಗಡ್ಡೆಗೆ ಉಪ್ಪು ಉದುರಿಸಿಕೊಂಡಳು.

"ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ," ಅಂದಳು ವ್ಲಾಸ್ತಾ ನಿಧಾನವಾಗಿ. ತನ್ನ ತಟ್ಟೆಯ ಬಾತುಕೋಳಿ ಮಾಂಸದ ದೊಡ್ಡ ತುಂಡನ್ನು ಎತ್ತಿ ಗೆಳತಿಯ ತಟ್ಟೆಗೆ ಹಾಕಿದಳು.

ಮರುವರ್ಷ ಲೆಕ್ಕ ಹೊರಬಂತು: ಇನ್ನೂರ ಮೂರು. ಎಪ್ಪತ್ತು ವರ್ಷಗಳಲ್ಲಿ ಊರು ಕುಗ್ಗದೆ ಇದ್ದದ್ದು ಅದೇ ಮೊದಲು. ಏಳು ಜನ ಹೆಚ್ಚಾದದ್ದಕ್ಕೆ ಅಂಗಡಿಯಲ್ಲಿ ಎಲ್ಲರಿಗೂ ಪುಕ್ಕಟೆ ಕಾಫಿ ಸಿಕ್ಕಿತು.

ಗಣತಿ ಮುಗಿದ ಮೇಲೂ ಅರ್ಡೆಲ್‌ಳ ಕಿಟಕಿಯ ಮುಂದಿನ ಕುರ್ಚಿ ಖಾಲಿಯಾಗಲಿಲ್ಲ. ಅಲ್ಲಿ ಬೇರೆಯವರು ಕೂರತೊಡಗಿದರು. ಯಾರಲ್ಲೂ ಹೇಳಿಕೊಳ್ಳಲಾಗದ್ದನ್ನು ಹೇಳಿಕೊಳ್ಳಲು ಜನ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಎವುಲಾಲಿಯಾ ಮಂಗಳವಾರ ಮಧ್ಯಾಹ್ನ ಬರುತ್ತಿದ್ದಳು, ಮೆಕ್ಕೆಜೋಳದ ಹಿಟ್ಟಿನ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಅರ್ಡೆಲ್ ಬೆಣ್ಣೆ ತೆಗೆದಿಡುತ್ತಿದ್ದಳು. ಒಬ್ಬಳು ಅರ್ಧಂಬರ್ಧ ಭಾಷೆಯಲ್ಲಿ ತನ್ನ ಬೆಟ್ಟದೂರಿನ ತಾಯಿಯ ಸುದ್ದಿ ಹೇಳುತ್ತಿದ್ದಳು. ಇನ್ನೊಬ್ಬಳು ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದಳು.